ಮಧುಮೇಹಿಯ ಮರೆವು

ಅರವತ್ತಕ್ಕೆ ಅರಳುಮರಳು ಎಂಬುದು ನಮ್ಮ ನಾಡಿನ ಹಳೆಯ ಗಾದೆ. ಗಾದೆಯನ್ನು ವೇದಕ್ಕೆ ಸಮಾನವೆಂದು ಬಗೆಯುವ ಜನ ನಾವು. ಆದ್ದರಿಂದ ಮನೆಯ ಹಿರಿಯರೊಬ್ಬರು ಬೆಳಗಿನ ಮಾತ್ರೆಯನ್ನು ನುಂಗಿದೆನೋ ಇಲ್ಲವೋ ಎಂದು ತಡಕಾಡಿದಾಗ, ಅಂಗಡಿಯವನು ಕೊಟ್ಟ ಚಿಲ್ಲರೆಯನ್ನು ಎರಡೆರಡು ಸಲ ಎಣಿಸಿದಾಗ, ಹೇಳಿದ ಮಾತನ್ನೇ ಮತ್ತೆ ಹೇಳಿದಾಗ, ಗಾದೆಯನ್ನು ನೆನೆದು ಸುಮ್ಮನಾಗುತ್ತೇವೆ. ಆ ಹಿರಿಯರಿಗೆ ಹತ್ತು ಹದಿನೈದು ವರ್ಷಗಳಿಂದ ಮಧುಮೇಹವಿದೆ ಎಂಬುದಕ್ಕೂ ಈ ಮರೆವಿಗೂ ಏನಾದರೂ ನಂಟಿದ್ದೀತೆಂದು ಯಾರಿಗೂ ಹೊಳೆಯುವುದಿಲ್ಲ. ವೈದ್ಯರ ಬಳಿಗೆ ಹೋದರೆ, ರಕ್ತದಲ್ಲಿ ಸಕ್ಕರೆ ಏರಿರುವುದನ್ನು ಕಂಡು, "ಪಥ್ಯ ಮಾಡುವುದಿಲ್ಲ, ಮಾತ್ರೆ ಸರಿಯಾಗಿ ತೆಗೆದುಕೊಳ್ಳುವುದಿಲ್ಲ, ನಿಮಗೆ ಶ್ರದ್ಧೆ ಸಾಲದು" ಎಂದು ಅವರು ಗದರಿಸಿ ಕಳುಹುವುದೂ ಉಂಟು. ಹೀಗೆ ಮನೆಯವರು ವಯಸ್ಸನ್ನು ದೂರುತ್ತಾರೆ, ವೈದ್ಯರು ಸ್ವಭಾವವನ್ನು ದೂರುತ್ತಾರೆ. ರೋಗವನ್ನು ದೂರುವವರು ಅಪರೂಪ.

ಮಧುಮೇಹವು ಕಣ್ಣಿನ ಅಕ್ಷಿಪಟಲವನ್ನು ಕೆಡಿಸುತ್ತದೆ, ಮೂತ್ರಪಿಂಡಗಳನ್ನು ಕೆಡಿಸುತ್ತದೆ, ಪಾದದ ನರಗಳನ್ನು ಮರಗಟ್ಟಿಸುತ್ತದೆ ಎಂಬುದನ್ನು ಇಂದು ಪ್ರೌಢಶಾಲೆಯ ವಿದ್ಯಾರ್ಥಿಯೂ ಬಲ್ಲ. ಈ ಪಟ್ಟಿಗೆ ಮಿದುಳನ್ನೂ ಸೇರಿಸಬೇಕು ಎಂಬುದು ನಮ್ಮ ಮೊದಲನೆಯ ಮಾತು. ಎರಡನೆಯ ಮಾತು ಇದಕ್ಕಿಂತ ಮುಖ್ಯವಾದುದು. ಈ ರೋಗದ ಚಿಕಿತ್ಸೆಯೆಲ್ಲವೂ ರೋಗಿಯ ನೆನಪು, ಗಮನ, ಲೆಕ್ಕಾಚಾರಗಳ ಮೇಲೆಯೇ ನಿಂತಿದೆ. ಯಾವ ಸಾಧನದಿಂದ ರೋಗವನ್ನು ಹಿಡಿತದಲ್ಲಿಡಬೇಕೋ ಆ ಸಾಧನವನ್ನೇ ರೋಗವು ಮೆಲ್ಲಮೆಲ್ಲನೆ ಮೊಂಡುಮಾಡುತ್ತದೆ. ಹೀಗಿರುವಲ್ಲಿ, ಮೊಂಡಾದದ್ದಕ್ಕಾಗಿ ರೋಗಿಯನ್ನು ಬೈಯುವುದು ಅನ್ಯಾಯ. ಸಾಧನ ಮೊಂಡಾಗಿದೆಯೆ ಎಂದು ಪರೀಕ್ಷಿಸದೆಯೇ ಚೀಟಿಯ ಮೇಲೆ ಇನ್ನೊಂದು ಔಷಧವನ್ನು ಬರೆಯುವುದು ಅಪಾಯ.

ಇನ್ಸುಲಿನ್ ಚುಚ್ಚಿಕೊಳ್ಳುವ ಒಬ್ಬ ರೋಗಿಯ ಒಂದು ದಿನದ ಮಾನಸಿಕ ದುಡಿಮೆಯನ್ನು ವಾಚಕರು ಕಣ್ಣೆದುರಿಗೆ ತಂದುಕೊಳ್ಳಲಿ. ಎದ್ದೊಡನೆ ಬೆರಳ ತುದಿಯ ರಕ್ತದಿಂದ ಸಕ್ಕರೆಯನ್ನು ಅಳೆಯಬೇಕು. ಅಂಕಿಯನ್ನು ನೋಡಿ, ಈಗ ತಿನ್ನಲಿರುವುದು ಎರಡು ಇಡ್ಲಿಯೋ ನಾಲ್ಕೋ ಎಂದು ಯೋಚಿಸಿ, ಎಷ್ಟು ಯೂನಿಟ್ ಎಂಬುದನ್ನು ನಿಶ್ಚಯಿಸಬೇಕು. ಚುಚ್ಚಿಕೊಂಡ ಮೇಲೆ ಊಟವನ್ನು ತಡಮಾಡಬಾರದು. ಬಸ್ಸು ತಪ್ಪಿ ಮೂರು ಮೈಲಿ ನಡೆಯಬೇಕಾಗಿ ಬಂದರೆ ಆ ನಡಿಗೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಧ್ಯಾಹ್ನ ಮತ್ತೆ ಇದೇ, ರಾತ್ರಿ ಮತ್ತೆ ಇದೇ. ಇದರ ಜೊತೆಗೆ ರಕ್ತದೊತ್ತಡದ ಮಾತ್ರೆ, ಕೊಬ್ಬಿನ ಮಾತ್ರೆ. ಒಂದನ್ನು ಊಟಕ್ಕೆ ಮೊದಲು, ಇನ್ನೊಂದನ್ನು ಊಟವಾದ ಮೇಲೆ, ಮತ್ತೊಂದನ್ನು ಮಲಗುವಾಗ. ರೋಗಿಯೇ ತನಗೆ ತಾನು ವೈದ್ಯನೂ ದಾದಿಯೂ ಗುಮಾಸ್ತನೂ ಆಗಬೇಕಾದ ಕಾಯಿಲೆ ಇದರಂತೆ ಇನ್ನೊಂದಿಲ್ಲ ಎಂದರೂ ಸಲ್ಲುತ್ತದೆ. ಪರೀಕ್ಷೆಯ ಹಿಂದಿನ ದಿನ ಒಂದು ವೇಳಾಪಟ್ಟಿಯನ್ನು ಪಾಲಿಸಲು ಒದ್ದಾಡುವ ತರುಣರು, ಇಂಥ ವೇಳಾಪಟ್ಟಿಯನ್ನು ಮೂವತ್ತು ವರ್ಷ ಪಾಲಿಸಬೇಕಾದವರ ಪಾಡನ್ನು ಊಹಿಸಿಕೊಳ್ಳಬಲ್ಲರು.

ಇನ್ನು ಮಿದುಳಿಗೂ ಸಕ್ಕರೆಗೂ ಇರುವ ಸಂಬಂಧ. ಮಿದುಳಿನ ತೂಕ ದೇಹದ ತೂಕದಲ್ಲಿ ಸುಮಾರು ನೂರಕ್ಕೆ ೨ ಪಾಲು ಮಾತ್ರ. ಆದರೆ ನಾವು ಸುಮ್ಮನೆ ಕುಳಿತಿರುವಾಗಲೂ ದೇಹವು ವ್ಯಯಮಾಡುವ ಶಕ್ತಿಯಲ್ಲಿ ನೂರಕ್ಕೆ ೨೦ ಪಾಲನ್ನು ಅದೊಂದೇ ಕಬಳಿಸುತ್ತದೆ. ಅದರ ನಿತ್ಯದ ಆಹಾರ ಗ್ಲೂಕೋಸು, ದಿನಕ್ಕೆ ಸುಮಾರು ೧೨೦ ಗ್ರಾಂ. ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡಬಹುದು. ಆರೋಗ್ಯವಂತನ ಪ್ರತಿ ೧೦೦ ಮಿಲಿಲೀಟರು ರಕ್ತದಲ್ಲಿ ಊಟಕ್ಕೆ ಮುಂಚೆ ೭೦ರಿಂದ ೧೦೦ ಮಿಲಿಗ್ರಾಂ ಗ್ಲೂಕೋಸು ಇರುತ್ತದೆ. ಮೈಯಲ್ಲಿರುವ ರಕ್ತ ಸುಮಾರು ೫ ಲೀಟರು. ಅಂದಮೇಲೆ ಮೈಯ ಇಡೀ ರಕ್ತದಲ್ಲಿರುವ ಸಕ್ಕರೆ ಸುಮಾರು ೫ ಗ್ರಾಂ, ಒಂದು ಚಹಾಚಮಚದಷ್ಟು! ಮಿದುಳು ಗಂಟೆಗೆ ಬೇಡುವುದೂ ೫ ಗ್ರಾಮೇ. ಯಕೃತ್ತು ತನ್ನ ಉಗ್ರಾಣದಿಂದ ಎಡೆಬಿಡದೆ ಸಕ್ಕರೆಯನ್ನು ಬಿಡುಗಡೆ ಮಾಡುತ್ತಿಲ್ಲದಿದ್ದರೆ, ರಕ್ತದಲ್ಲಿರುವುದು ಒಂದು ಗಂಟೆಯ ಯೋಚನೆಗೂ ಸಾಲದು. ಮಿದುಳಿಗೆ ತನ್ನದೇ ಆದ ಉಗ್ರಾಣ ಇಲ್ಲವೆನ್ನುವಷ್ಟು ಚಿಕ್ಕದು. ದಿನಗೂಲಿಯವನ ಮನೆಯಂತೆ ಅದರ ಸಂಸಾರ, ಅಂದಿನದು ಅಂದಿಗೆ.

ಹಾಗಾದರೆ ಮಧುಮೇಹಿಯ ರಕ್ತದಲ್ಲಿ ಸಕ್ಕರೆ ತುಂಬಿ ತುಳುಕುತ್ತಿರುವುದರಿಂದ ಅವನ ಬುದ್ಧಿ ಇನ್ನಷ್ಟು ಚುರುಕಾಗಬೇಕಲ್ಲವೆ ಎಂದು ಜಾಣ ವಿದ್ಯಾರ್ಥಿಯೊಬ್ಬನು ಕೇಳಿಯಾನು. ಸ್ನಾಯುಗಳು ಗ್ಲೂಕೋಸನ್ನು ಒಳಗೆ ಬಿಟ್ಟುಕೊಳ್ಳಲು ಇನ್ಸುಲಿನ್ನಿನ ಅಪ್ಪಣೆಗಾಗಿ ಕಾಯುತ್ತವೆ. ಮಿದುಳು ಬಹುಮಟ್ಟಿಗೆ ಕಾಯುವುದಿಲ್ಲ. ಆದ್ದರಿಂದ ಪ್ರಶ್ನೆ ನ್ಯಾಯವಾದದ್ದೇ. ಆದರೆ ನಾಲೆಯಲ್ಲಿ ನೀರು ಮಿತಿಮೀರಿ ಹರಿದರೆ ಗದ್ದೆಗೆ ಲಾಭವಾಗುವುದಿಲ್ಲ. ಏರಿ ಕೊರೆಯುತ್ತದೆ, ಹೂಳು ತುಂಬುತ್ತದೆ, ಕಡೆಗೆ ಕೊನೆಯ ಗದ್ದೆಗೆ ನೀರೇ ತಲಪುವುದಿಲ್ಲ. ಮಧುಮೇಹದಲ್ಲಿ ರಕ್ತನಾಳಗಳ ಗತಿ ಇದೇ. ಅಷ್ಟಲ್ಲದೆ, ಸಕ್ಕರೆ ೨೭೦ ಮಿಲಿಗ್ರಾಮನ್ನು ದಾಟಿದ ಹೊತ್ತಿನಲ್ಲಿ ಮಧುಮೇಹಿಗಳ ಲೆಕ್ಕ ಮಾಡುವ ವೇಗವೂ ಮಾತು ಹೊಳೆಯುವ ವೇಗವೂ ತಗ್ಗುತ್ತವೆಂಬುದನ್ನು ೨೦೦೫ರಲ್ಲಿ ಅಮೆರಿಕದ ಸಂಶೋಧಕರು ಅಳೆದು ತೋರಿಸಿದರು. ಇದು ಆ ಹೊತ್ತಿನ ಮಬ್ಬು. ಸಕ್ಕರೆ ಇಳಿದರೆ ಕಳೆಯುವಂಥದು.

ಈ ವಿಷಯದ ಚರಿತ್ರೆಯಲ್ಲಿ ಒಂದು ವಿಚಿತ್ರವಿದೆ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಥಾಮಸ್ ವಿಲ್ಲಿಸ್ ಎಂಬ ವೈದ್ಯನಿದ್ದ. ಮಿದುಳಿನ ಬುಡದಲ್ಲಿ ಧಮನಿಗಳು ಒಂದು ಬಳೆಯಂತೆ ಕೂಡಿಕೊಂಡಿರುವುದನ್ನು ಅವನು ೧೬೬೪ರಲ್ಲಿ ವಿವರಿಸಿದ. ಆ ಬಳೆಗೆ ಇಂದಿಗೂ ಅವನ ಹೆಸರೇ ಇದೆ. ಹತ್ತು ವರ್ಷಗಳ ಮೇಲೆ, ೧೬೭೪ರಲ್ಲಿ, ಈ ರೋಗಿಗಳ ಮೂತ್ರ ಜೇನಿನಂತೆ ಸಿಹಿಯೆಂದು ಯೂರೋಪಿನ ವೈದ್ಯರ ಗಮನಕ್ಕೆ ತಂದವನೂ ಅವನೇ. ನಮ್ಮ ಪ್ರಾಚೀನ ಆಯುರ್ವೇದ ಗ್ರಂಥಕಾರರಿಗೆ ಇದು ಬಹಳ ಹಿಂದೆಯೇ ತಿಳಿದಿತ್ತೆಂಬುದನ್ನು ಮಧುಮೇಹವೆಂಬ ಹೆಸರೇ ಸಾರುತ್ತದೆ. ಮಿದುಳಿನ ರಕ್ತನಾಳ, ಸಿಹಿಮೂತ್ರ ಇವೆರಡೂ ಒಬ್ಬನೇ ಮನುಷ್ಯನ ಮೇಜಿನ ಮೇಲಿದ್ದವು. ಆದರೂ ಮಧುಮೇಹಿಗಳ ಬುದ್ಧಿಶಕ್ತಿಯನ್ನು ಅಳತೆಗೋಲು ಹಿಡಿದು ಪರೀಕ್ಷಿಸಲು ಸುಮಾರು ಎರಡೂವರೆ ಶತಮಾನ ಕಾಯಬೇಕಾಯಿತು. ೧೯೨೨ರಲ್ಲಿ ಅಮೆರಿಕದ ಮೈಲ್ಸ್ ಮತ್ತು ರೂಟ್ ಎಂಬುವರು ಮಧುಮೇಹಿಗಳ ನೆನಪು ಗಮನಗಳು ಆರೋಗ್ಯವಂತರವಕ್ಕಿಂತ ಕೆಳಮಟ್ಟದಲ್ಲಿವೆಯೆಂದು ವರದಿ ಮಾಡಿದರು. ಅದೇ ವರ್ಷದ ಜನವರಿಯಲ್ಲಿ ಟೊರಾಂಟೊ ನಗರದಲ್ಲಿ ಹದಿನಾಲ್ಕು ವರ್ಷದ ಬಾಲಕನೊಬ್ಬನಿಗೆ ಮೊದಲ ಬಾರಿಗೆ ಇನ್ಸುಲಿನ್ ಕೊಟ್ಟಿದ್ದರು. ಸಾವಿನ ದವಡೆಯಿಂದ ಮಕ್ಕಳನ್ನು ಎಳೆದುತಂದ ಆ ಸಂಭ್ರಮದಲ್ಲಿ ನೆನಪು ಗಮನಗಳ ಮಾತು ಯಾರಿಗೆ ಬೇಕು? ಬದುಕಿ ಉಳಿದರೆ ಸಾಕೆನ್ನುವವನಿಗೆ ಬುದ್ಧಿಯ ಕೂರ್ಪಿನ ಚಿಂತೆ ದೊಡ್ಡದಲ್ಲ. ಇಂದು ಮಧುಮೇಹಿಗಳು ಎಪ್ಪತ್ತು ಎಂಬತ್ತು ವರ್ಷ ಬದುಕುತ್ತಾರೆ. ಆದ್ದರಿಂದಲೇ ಚಿಂತೆ ದೊಡ್ಡದಾಗಿದೆ.

ಎಲ್ಲಕ್ಕಿಂತ ಥಟ್ಟನೆ ಬರುವ ಅಪಾಯ ಸಕ್ಕರೆಯ ಕೊರತೆಯದು. ಇನ್ಸುಲಿನ್ ಹೆಚ್ಚಾದಾಗ, ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ಮುಂತಾದ ಮಾತ್ರೆಗಳನ್ನು ನುಂಗಿ ಊಟ ತಪ್ಪಿಸಿದಾಗ, ರಕ್ತದ ಸಕ್ಕರೆ ೭೦ ಮಿಲಿಗ್ರಾಮಿಗಿಂತ ಕೆಳಗೆ ಬೀಳುತ್ತದೆ. ದೇಹವು ಮೊದಲು ಕೂಗಿ ಎಚ್ಚರಿಸುತ್ತದೆ: ಬೆವರು, ಕೈನಡುಕ, ಎದೆಬಡಿತ, ತಡೆಯಲಾರದ ಹಸಿವು. ಕೂಗನ್ನು ಕೇಳಿ ಏನಾದರೂ ತಿಂದರೆ ಸರಿ; ಇಲ್ಲವಾದರೆ, ೫೪ಕ್ಕಿಂತ ಕೆಳಗಿಳಿಯುತ್ತ ಬಂದಂತೆ, ಮಿದುಳೇ ಹಸಿದು ತೊದಲತೊಡಗುತ್ತದೆ. ಆಗ ನಾಲಗೆ ಹೊರಳದು. ಎರಡಂಕಿಯ ಸಂಕಲನ ಬಗೆಹರಿಯದು. ಶಾಂತ ಸ್ವಭಾವದವನು ಸಿಡುಕುತ್ತಾನೆ, ಪರಿಚಿತ ದಾರಿಯಲ್ಲಿ ದಿಕ್ಕುತಪ್ಪಿ ನಿಲ್ಲುತ್ತಾನೆ. ದಾರಿಹೋಕರು ಕುಡಿದಿದ್ದಾನೆಂದು ನಕ್ಕು ಮುಂದೆ ಹೋಗುತ್ತಾರೆ. ಅವನನ್ನು ಉಳಿಸಬಲ್ಲದ್ದು ಒಂದು ಹಿಡಿ ಸಕ್ಕರೆ. ಆದರೆ "ನನಗೆ ಸಕ್ಕರೆ ಬೇಕು" ಎಂದು ಯೋಚಿಸಬೇಕಾದ ಅಂಗವೇ ಆಗ ಕೆಲಸ ನಿಲ್ಲಿಸಿರುತ್ತದೆ. ಈ ಲೇಖನದಲ್ಲಿ ನಾವು ಹೇಳಹೊರಟಿರುವ ಸಂಕಟದ ಸಣ್ಣ ಪ್ರತಿರೂಪವನ್ನು ಇಲ್ಲಿ ಕಾಣಬಹುದು.

ಹೀಗೆ ಆಗಾಗ ಸಕ್ಕರೆ ಬೀಳುತ್ತಿದ್ದರೆ ಎಚ್ಚರಿಕೆಯ ಕೂಗೂ ಕ್ಷೀಣಿಸುತ್ತದೆ. ಬೆವರಿಲ್ಲ, ನಡುಕವಿಲ್ಲ; ನೇರವಾಗಿ ಗೊಂದಲ. ಬಹುಕಾಲದ ರೋಗಿಗಳಲ್ಲಿ, ವೃದ್ಧರಲ್ಲಿ ಇದು ವಿಶೇಷ. ಏಕಾದಶಿಯೆಂದು ಬೆಳಗಿನ ಮಾತ್ರೆ ನುಂಗಿ ನಿರಾಹಾರವಿರುವ ಅಜ್ಜಿ, ರಂಜಾನಿನಲ್ಲಿ ವೈದ್ಯರನ್ನು ಕೇಳದೆ ಉಪವಾಸ ಹಿಡಿದ ಹಿರಿಯರು, ಮದುವೆಮನೆಯ ಊಟ ಮೂರು ಗಂಟೆಗೆ ಸರಿದಾಗ ಮರ್ಯಾದೆಗಾಗಿ ತೆಪ್ಪಗೆ ಕುಳಿತ ಯಜಮಾನರು, ಇವರೆಲ್ಲ ಈ ಅಪಾಯದ ಅಂಚಿನಲ್ಲಿರುವವರು. ಎಚ್ಚರವಿದ್ದು ನುಂಗಬಲ್ಲವರಿಗೆ ಮೂರು ಚಹಾಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಕಾಲು ಗಂಟೆಯ ಮೇಲೆ ಅಳೆದು, ಏರದಿದ್ದರೆ ಮತ್ತೊಮ್ಮೆ ಕೊಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಉಸಿರುಕಟ್ಟೀತು. ಕೂಡಲೆ ಆಸ್ಪತ್ರೆಗೆ ಒಯ್ಯಬೇಕು. ನಮ್ಮ ಶಾಲೆಗಳಲ್ಲಿ ಹಾವು ಕಡಿದರೆ ಏನು ಮಾಡಬೇಕೆಂದು ಕಲಿಸುತ್ತಾರೆ, ಒಳ್ಳೆಯದೇ. ಇದನ್ನು ಏಕೆ ಕಲಿಸಬಾರದೋ ನಮಗೆ ತಿಳಿಯದು.

ಇಂಥ ಕೊರತೆ ಮಿದುಳಿನಲ್ಲಿ ಶಾಶ್ವತ ಗಾಯವನ್ನುಳಿಸುತ್ತದೆಯೆ? ಉತ್ತರ ವಯಸ್ಸಿಗೆ ತಕ್ಕಂತೆ ಬೇರೆಯಾಗುತ್ತದೆ. ಅಮೆರಿಕ ಮತ್ತು ಕೆನಡಾ ದೇಶಗಳಲ್ಲಿ ೧೯೮೩ರಲ್ಲಿ ಆರಂಭವಾದ ಒಂದು ಮಹಾಪ್ರಯೋಗದಲ್ಲಿ ಮೊದಲನೆಯ ಬಗೆಯ ಮಧುಮೇಹವುಳ್ಳ, ಅಂದರೆ ದೇಹದಲ್ಲಿ ಇನ್ಸುಲಿನ್ನೇ ಹುಟ್ಟದ, ೧,೪೪೧ ಮಂದಿ ತರುಣರು ಸೇರಿದ್ದರು. ಹದಿನೆಂಟು ವರ್ಷಗಳ ಬಳಿಕ ಅವರಲ್ಲಿ ೧,೧೪೪ ಮಂದಿಯ ಬುದ್ಧಿಶಕ್ತಿಯನ್ನು ಮತ್ತೆ ಅಳೆದರು. ನೂರಕ್ಕೆ ನಲವತ್ತು ಮಂದಿ ಒಮ್ಮೆಯಾದರೂ ಸಕ್ಕರೆಯ ಕೊರತೆಯಿಂದ ಮೂರ್ಛೆಹೋದವರು ಅಥವಾ ಸೆಳವಿಗೆ ಸಿಕ್ಕವರು. ಆದರೂ ಅವರ ಬುದ್ಧಿಶಕ್ತಿ ಗಣನೀಯವಾಗಿ ಕುಂದಿರಲಿಲ್ಲ. ೨೦೦೭ರಲ್ಲಿ ಪ್ರಕಟವಾದ ಈ ಫಲಿತಾಂಶವು ಮಧುಮೇಹವುಳ್ಳ ಮಕ್ಕಳ ತಾಯಿತಂದೆಗಳಿಗೆ ಎಷ್ಟೋ ಸಮಾಧಾನವನ್ನು ತಂದಿತು. ಇನ್ಸುಲಿನ್ ತೆಗೆದುಕೊಳ್ಳುವ ಸಹಪಾಠಿ ಓದಿನಲ್ಲಿ ಹಿಂದೆ ಬಿದ್ದಾನೆಂದು ಭಾವಿಸಲು ಯಾವ ಆಧಾರವೂ ಇಲ್ಲ ಎಂಬುದನ್ನು ವಾಚಕರು ಇಲ್ಲಿ ಗಮನಿಸಬೇಕು. ಕಥೆ ಅಲ್ಲಿಗೆ ಮುಗಿಯಲಿಲ್ಲವೆನ್ನುವುದೂ ನಿಜ. ಅದೇ ಜನರನ್ನು ಮೂವತ್ತೆರಡು ವರ್ಷಗಳ ತನಕ ಹಿಂಬಾಲಿಸಿ ೨೦೨೧ರಲ್ಲಿ ಬರೆದ ವರದಿಯಲ್ಲಿ, ಮುಪ್ಪಿನ ಕಡೆಗೆ ಸರಿದಂತೆ ಅವರ ಬುದ್ಧಿಯ ಚುರುಕು ಇಳಿಯುತ್ತ ಬಂದುದು ಕಾಣುತ್ತದೆ. ಸಕ್ಕರೆ ಬಹುಕಾಲ ಏರಿದ್ದವರಲ್ಲಿ, ರಕ್ತದೊತ್ತಡ ಹೆಚ್ಚಿದ್ದವರಲ್ಲಿ, ತೀವ್ರ ಕೊರತೆಗೆ ಪದೇಪದೇ ಸಿಕ್ಕಿದವರಲ್ಲಿ ಈ ಇಳಿತ ಹೆಚ್ಚು.

ವೃದ್ಧರ ವಿಷಯ ಇನ್ನೂ ಜಟಿಲ. ೨೦೦೯ರಲ್ಲಿ ಕ್ಯಾಲಿಫೋರ್ನಿಯದಿಂದ ಬಂದ ವರದಿಯೊಂದು ಎರಡನೆಯ ಬಗೆಯ ಮಧುಮೇಹವುಳ್ಳ ೧೬,೬೬೭ ಹಿರಿಯರನ್ನು ಕುರಿತದ್ದು. ಸಕ್ಕರೆಯ ಕೊರತೆಯಿಂದ ಆಸ್ಪತ್ರೆ ಸೇರಿದ ಸಲಗಳು ಹೆಚ್ಚಾದಂತೆ ಡಿಮೆನ್ಷಿಯಾ, ಅಂದರೆ ನಿತ್ಯದ ಬದುಕನ್ನೇ ಕೆಡಿಸುವ ಮರೆಗುಳಿತನ, ಬರುವ ಸಂಭವವೂ ಹೆಚ್ಚಿತೆಂದು ಅದು ತಿಳಿಸಿತು. ಇದನ್ನೋದಿ, ಕೊರತೆಯೇ ಕಾರಣ, ಮರೆವೇ ಕಾರ್ಯ ಎಂದು ತೀರ್ಪುಕೊಡುವುದು ಸುಲಭ. ಆದರೆ ೨೦೧೩ರಲ್ಲಿ ೭೮೩ ಮಂದಿ ಮಧುಮೇಹಿ ವೃದ್ಧರನ್ನು ಹನ್ನೆರಡು ವರ್ಷ ಗಮನಿಸಿದ ಇನ್ನೊಂದು ತಂಡಕ್ಕೆ ಬಾಣ ಎರಡು ಕಡೆಗೂ ಓಡುವುದು ಕಂಡಿತು. ಕೊರತೆಗೆ ಸಿಕ್ಕಿದವರಲ್ಲಿ ಮರೆಗುಳಿತನದ ಸಂಭವ ಸುಮಾರು ಎರಡು ಪಟ್ಟು. ಮರೆಗುಳಿತನ ಬಂದವರಲ್ಲಿ ತೀವ್ರ ಕೊರತೆಯ ಸಂಭವ ಸುಮಾರು ಮೂರು ಪಟ್ಟು. ಮರೆತು ಎರಡು ಸಲ ಮಾತ್ರೆ ನುಂಗುತ್ತಾರೆ, ಮರೆತು ಊಟ ಬಿಡುತ್ತಾರೆ, ಸಕ್ಕರೆ ಬೀಳುತ್ತದೆ, ಮಿದುಳು ಇನ್ನಷ್ಟು ಸೊರಗುತ್ತದೆ, ಇನ್ನಷ್ಟು ಮರೆಯುತ್ತಾರೆ. ಗಾಣದ ಎತ್ತಿನ ಸುತ್ತಿನಂಥ ಸುತ್ತು ಇದು. ಇದನ್ನು ಎಲ್ಲಿಯಾದರೂ ಒಂದೆಡೆ ಕಡಿಯಬೇಕಾದರೆ, ಮೊದಲು ಸುತ್ತು ಇದೆಯೆಂದು ಯಾರಾದರೂ ಗುರುತಿಸಬೇಕು.

ನಿಧಾನವಾಗಿ ಆಗುವ ಹಾನಿಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುತ್ತೇವೆ. ಕಣ್ಣಿನ ಹಿಂಭಾಗವನ್ನು ಪರೀಕ್ಷಿಸುವ ವೈದ್ಯರು ಅಲ್ಲಿನ ನವುರಾದ ರಕ್ತನಾಳಗಳು ಸೋರುವುದನ್ನೂ ಮುಚ್ಚಿಹೋಗುವುದನ್ನೂ ನೇರವಾಗಿ ನೋಡಬಲ್ಲರು. ಮಿದುಳಿನ ಆಳದಲ್ಲಿಯೂ ಅಂಥವೇ ನವುರಾದ ನಾಳಗಳಿವೆ. ಅವು ಕೆಟ್ಟಾಗ ಒಂದು ಭಾಗದಿಂದ ಇನ್ನೊಂದಕ್ಕೆ ಸುದ್ದಿ ಒಯ್ಯುವ ನರತಂತುಗಳು ಬಡವಾಗುತ್ತವೆ. ದೊಡ್ಡ ನಾಳವೇ ಮುಚ್ಚಿದರೆ ಪಾರ್ಶ್ವವಾಯು. ತಂತುಗಳು ಬಡವಾದಾಗ ಮೊದಲು ಕಾಣುವುದು ಬುದ್ಧಿಯ ನಿಧಾನ. ನೆನಪು ಪೂರ್ತಿಯಾಗಿ ಅಳಿಸುವುದಿಲ್ಲ. ಹೆಸರು ಹೊಳೆಯುತ್ತದೆ, ತಡವಾಗಿ. ಎರಡು ಕೆಲಸಗಳನ್ನು ಒಟ್ಟಿಗೆ ಮಾಡುವುದು, ಮುಂದಿನ ವಾರದ ಯೋಜನೆ ಹಾಕುವುದು ಕಷ್ಟವಾಗುತ್ತದೆ. ಮಾತುಕತೆಯಲ್ಲಿ ಇದು ಯಾರಿಗೂ ಗೊತ್ತಾಗದು. ಇನ್ಸುಲಿನ್ನಿನ ಲೆಕ್ಕದಲ್ಲಿ ಗೊತ್ತಾಗುತ್ತದೆ.

ಎಷ್ಟು ಮಂದಿಗೆ ಹೀಗಾಗುತ್ತದೆ ಎಂಬಲ್ಲಿ ಅಳತೆಮೀರಿ ಹೆದರಿಸುವುದು ನಮ್ಮ ಉದ್ದೇಶವಲ್ಲ. ಹಾಲೆಂಡಿನ ರಾಟರ್‌ಡ್ಯಾಮ್ ನಗರದಲ್ಲಿ ಆರು ಸಾವಿರಕ್ಕೂ ಹೆಚ್ಚು ಹಿರಿಯರನ್ನು ಗಮನಿಸಿ ೧೯೯೯ರಲ್ಲಿ ಬರೆದ ಪ್ರಸಿದ್ಧ ವರದಿಯಲ್ಲಿ, ಮಧುಮೇಹವಿದ್ದರೆ ಮರೆಗುಳಿತನದ ಸಂಭವ ಸುಮಾರು ಎರಡು ಪಟ್ಟು ಎಂದಿದೆ. ಎರಡು ಪಟ್ಟು ಎಂದೊಡನೆ ಗಾಬರಿಯಾಗುತ್ತದೆ. ಲೆಕ್ಕಕ್ಕಾಗಿ, ಮಧುಮೇಹವಿಲ್ಲದ ನೂರು ವೃದ್ಧರಲ್ಲಿ ಆರು ಮಂದಿಗೆ ಮರೆಗುಳಿತನ ಬರುತ್ತದೆಂದು ಇಟ್ಟುಕೊಳ್ಳೋಣ. ಎರಡು ಪಟ್ಟಾದರೆ ಹನ್ನೆರಡು. ಉಳಿದ ಎಂಬತ್ತೆಂಟು ಮಂದಿ ಮಧುಮೇಹವಿದ್ದೂ ಅದರಿಂದ ಪಾರಾದವರೇ. ಪತ್ರಿಕೆಗಳ ತಲೆಬರಹಗಳು ಪಟ್ಟನ್ನು ಹೇಳುತ್ತವೆ, ಮೂಲದ ಸಂಖ್ಯೆಯನ್ನು ನುಂಗುತ್ತವೆ. ಗಣಿತ ಕಲಿಯುವವರು ಈ ಒಂದು ಅಭ್ಯಾಸವನ್ನು ಬೆಳೆಸಿಕೊಂಡರೆ ಎಷ್ಟೋ ವೃಥಾ ಭಯ ತಪ್ಪುತ್ತದೆ.

ಇದೇ ಜಾತಿಯ ಇನ್ನೊಂದು ಅತಿಶಯೋಕ್ತಿಯುಂಟು. ಆಲ್ಜೈಮರ್ ರೋಗವನ್ನು "ಮೂರನೆಯ ಬಗೆಯ ಮಧುಮೇಹ"ವೆಂದು ಕರೆಯಬಹುದೆಂದು ಅಮೆರಿಕದ ಸಂಶೋಧಕರ ಗುಂಪೊಂದು ೨೦೦೫ರಲ್ಲಿ ಸೂಚಿಸಿತು. ಮಿದುಳಿನಲ್ಲಿಯೂ ಇನ್ಸುಲಿನ್ನನ್ನು ಗ್ರಹಿಸುವ ಅಣುಗಳಿವೆಯೆಂದು ೧೯೭೮ರಲ್ಲೇ ಇಲಿಗಳಲ್ಲಿ ಕಂಡಿದ್ದರಿಂದ ಸೂಚನೆ ಬುಡವಿಲ್ಲದ್ದೇನಲ್ಲ. ಆದರೆ ಸೂಚನೆ ಬೇರೆ, ಸಿದ್ಧಾಂತ ಬೇರೆ. ಮೂಗಿನ ಮೂಲಕ ಇನ್ಸುಲಿನ್ ಸಿಂಪಡಿಸಿ ನೆನಪನ್ನು ಉಳಿಸಲು ಮಾಡಿದ ದೊಡ್ಡ ಪ್ರಯೋಗ ೨೦೨೦ರಲ್ಲಿ ನಿಷ್ಫಲವೆಂದು ವರದಿಯಾಯಿತು. ಮಧುಮೇಹಕ್ಕೂ ಬೊಜ್ಜಿಗೂ ಕೊಡುವ ಸೆಮಾಗ್ಲುಟೈಡ್ ಎಂಬ ಔಷಧವೂ ಆಲ್ಜೈಮರಿನ ನಡಿಗೆಯನ್ನು ತಡೆಯಲಿಲ್ಲವೆಂದು ೨೦೨೫ರಲ್ಲಿ ತಿಳಿದುಬಂತು. ಹೆಸರನ್ನು ಇಟ್ಟಮಾತ್ರಕ್ಕೆ ರೋಗ ಆ ಹೆಸರಿಗೆ ಓಗೊಡುವುದಿಲ್ಲ.

ಹಾಗಾದರೆ ಸಕ್ಕರೆಯನ್ನು ಇನ್ನಷ್ಟು ಬಿಗಿಹಿಡಿದರೆ ಮಿದುಳು ಉಳಿದೀತೆ? ಈ ಪ್ರಶ್ನೆಯನ್ನೇ ಮುಂದಿಟ್ಟುಕೊಂಡು ಅಮೆರಿಕ ಕೆನಡಾಗಳಲ್ಲಿ ೨,೯೭೭ ಮಂದಿಯ ಮೇಲೆ ನಡೆದ ಪರೀಕ್ಷೆಯ ಫಲ ೨೦೧೧ರಲ್ಲಿ ಬಂತು. ನಲವತ್ತು ತಿಂಗಳ ಬಿಗಿ ಚಿಕಿತ್ಸೆಯಿಂದ ಮಿದುಳಿನ ಗಾತ್ರ ತುಸು ಹೆಚ್ಚು ಉಳಿಯಿತು. ಬುದ್ಧಿಯ ಪರೀಕ್ಷೆಗಳಲ್ಲಿ ಅಂತರವೇನೂ ಕಾಣಲಿಲ್ಲ. ಅಷ್ಟೇ ಅಲ್ಲ, ಈ ಪರೀಕ್ಷೆ ಅಂಗವಾಗಿದ್ದ ಮೂಲಪ್ರಯೋಗದಲ್ಲಿ ಬಿಗಿ ಚಿಕಿತ್ಸೆಯ ಗುಂಪಿನಲ್ಲಿ ಸಾವುಗಳು ಹೆಚ್ಚಾದುವೆಂದು ೨೦೦೮ರಲ್ಲಿ ಆ ಚಿಕಿತ್ಸೆಯನ್ನೇ ನಿಲ್ಲಿಸಬೇಕಾಯಿತು. ಇದರರ್ಥ ಸಕ್ಕರೆಯನ್ನು ಸಡಿಲಬಿಡಬಹುದೆಂದಲ್ಲ. ತರುಣನಿಗೆ ಸಲ್ಲುವ ಬಿಗಿ ಎಪ್ಪತ್ತೈದರ ವೃದ್ಧನಿಗೆ ಸಲ್ಲದು ಎಂಬಷ್ಟೇ. ಅಮೆರಿಕದ ಮಧುಮೇಹ ಸಂಘದ ಮಾರ್ಗಸೂಚಿಗಳು ಈಗ ಅರವತ್ತೈದು ದಾಟಿದ ಮಧುಮೇಹಿಗಳ ಬುದ್ಧಿಶಕ್ತಿಯನ್ನು ವರ್ಷಕ್ಕೊಮ್ಮೆ ಪರೀಕ್ಷಿಸಬೇಕೆನ್ನುತ್ತವೆ. ಅದು ಕುಂದಿದ್ದರೆ ಸಕ್ಕರೆಯ ಗುರಿಯನ್ನು ಸಡಿಲಿಸಿ, ಔಷಧಕ್ರಮವನ್ನು ಸರಳಗೊಳಿಸಬೇಕೆಂದೂ ಹೇಳುತ್ತವೆ. ನಮ್ಮ ಅಭಿಪ್ರಾಯಕ್ಕೆ ಇದಕ್ಕಿಂತ ಬೇರೆ ಬೆಂಬಲ ಬೇಕಿಲ್ಲ.

ನಮ್ಮ ದೇಶಕ್ಕೆ ಇದು ದೂರದ ಮಾತಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಬೆಂಬಲದಿಂದ ನಡೆದ ಸಮೀಕ್ಷೆಯೊಂದು ೨೦೨೩ರಲ್ಲಿ ಕೊಟ್ಟ ಅಂದಾಜಿನಂತೆ ಭಾರತದಲ್ಲಿ ಮಧುಮೇಹಿಗಳ ಸಂಖ್ಯೆ ೧೦ ಕೋಟಿ ೧೦ ಲಕ್ಷ. ಅದೇ ವರ್ಷ ಪ್ರಕಟವಾದ ಇನ್ನೊಂದು ಅಂದಾಜಿನಂತೆ, ಅರವತ್ತು ದಾಟಿದ ಭಾರತೀಯರಲ್ಲಿ ಮರೆಗುಳಿತನವುಳ್ಳವರು ಸುಮಾರು ೮೮ ಲಕ್ಷ. ಇಷ್ಟು ಜನರನ್ನು ಪರೀಕ್ಷಿಸುವುದೆಂದರೆ ಯಾವ ಪರೀಕ್ಷೆಯಿಂದ ಎಂಬ ಪ್ರಶ್ನೆ ಏಳುತ್ತದೆ. ಜಗತ್ತಿನಲ್ಲೆಲ್ಲ ಬಳಕೆಯಲ್ಲಿರುವ, ೧೯೭೫ರಲ್ಲಿ ಅಮೆರಿಕದಲ್ಲಿ ರಚಿತವಾದ ಪರೀಕ್ಷೆಯಲ್ಲಿ ನೂರರಿಂದ ಏಳನ್ನು ಕಳೆಯುತ್ತ ಹೋಗಿ ಎಂದು ಕೇಳುತ್ತಾರೆ, ಒಂದು ವಾಕ್ಯವನ್ನು ಬರೆಯಿರಿ ಎನ್ನುತ್ತಾರೆ. ಶಾಲೆಯ ಮೆಟ್ಟಿಲನ್ನೇ ಹತ್ತದ ನಮ್ಮ ಹಳ್ಳಿಯ ಮುದುಕಿ ಇದರಲ್ಲಿ ಸೋತರೆ, ಅದು ಅವಳ ಮಿದುಳಿನ ಸೋಲಲ್ಲ. ಸಂತೆಯಲ್ಲಿ ಬದನೆಕಾಯಿಯ ಲೆಕ್ಕವನ್ನು ಅವಳು ನಿಮಗಿಂತ ಬೇಗ ಮಾಡಿಯಾಳು. ಈ ತೊಡಕನ್ನರಿತೇ ಹರಿಯಾಣದ ಬಲ್ಲಭಗಢದಲ್ಲಿ ೧೯೯೦ರ ದಶಕದಲ್ಲಿ ಓದುಬರಹ ಬೇಡದ ಹಿಂದಿ ಪರೀಕ್ಷೆಯೊಂದನ್ನು ಹೊಂದಿಸಿದರು. ಮುಂದೆ ವೈದ್ಯಕೀಯ ಸಂಶೋಧನಾ ಮಂಡಲಿಯು ಐದು ಭಾರತೀಯ ಭಾಷೆಗಳಲ್ಲಿ ಇಂಥ ಪರೀಕ್ಷೆಗಳ ಕಟ್ಟನ್ನು ಸಿದ್ಧಪಡಿಸಿತು. ಆ ಐದರಲ್ಲಿ ಕನ್ನಡವೂ ಒಂದು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ನಲವತ್ತೈದು ದಾಟಿದ ಹತ್ತು ಸಾವಿರ ಗ್ರಾಮಸ್ಥರನ್ನು ವರ್ಷಾನುವರ್ಷ ಗಮನಿಸುವ ಅಧ್ಯಯನವನ್ನು ಕೈಗೊಂಡಿದ್ದಾರೆ. ರಾಟರ್‌ಡ್ಯಾಮಿನ ಲೆಕ್ಕ ನಮ್ಮ ರಾಗಿ ಉಣ್ಣುವ ಸೀಮೆಗೆ ಎಷ್ಟರಮಟ್ಟಿಗೆ ಅನ್ವಯಿಸೀತೆಂಬುದನ್ನು ಹೇಳಬಲ್ಲದ್ದು ಇಂಥ ಅಧ್ಯಯನವೇ.

ಆದರೆ ಮಾಡಬೇಕಾದ ಕೆಲಸಗಳೆಲ್ಲ ಅಧ್ಯಯನದ ಕೊನೆಯ ಪುಟಕ್ಕಾಗಿ ಕಾಯಬೇಕಿಲ್ಲ. ಮೊದಲನೆಯದಾಗಿ, ವೈದ್ಯರು ಪಾದವನ್ನೂ ಕಣ್ಣನ್ನೂ ವಿಚಾರಿಸುವಂತೆ ನೆನಪನ್ನೂ ವಿಚಾರಿಸಲಿ. ರೋಗಿಯೊಬ್ಬನನ್ನೇ ಕೇಳಿದರೆ ಸಾಲದು, ಮರೆತದ್ದನ್ನು ಮರೆತವನು ಹೇಳಲಾರ. ಜೊತೆಯಲ್ಲಿ ಬಂದವರನ್ನೂ ಕೇಳಬೇಕು. ಕಿಕ್ಕಿರಿದ ಆಸ್ಪತ್ರೆಯಲ್ಲಿ ಒಬ್ಬೊಬ್ಬ ರೋಗಿಗೆ ಮೂರು ನಿಮಿಷ ಸಿಗುವುದೂ ಕಷ್ಟ, ಇದಕ್ಕೆಲ್ಲ ಹೊತ್ತೆಲ್ಲಿ ಎಂದು ವೈದ್ಯಮಿತ್ರರು ಕೇಳುತ್ತಾರೆ. ನಿಜವೇ. "ಹೋದ ವಾರ ಎಷ್ಟು ಸಲ ಮಾತ್ರೆ ತಪ್ಪಿತು, ಯಾರು ತೆಗೆದುಕೊಡುತ್ತಾರೆ?" ಎಂಬೆರಡು ಪ್ರಶ್ನೆಗಳಿಗೆ ಅರ್ಧ ನಿಮಿಷ ಸಾಕು. ತಪ್ಪುತ್ತಿರುವ ಮಾತ್ರೆಯ ಪ್ರಮಾಣವನ್ನು ಇಮ್ಮಡಿಸಿ ಬರೆದರೆ, ಮನೆಯವರು ಎಚ್ಚೆತ್ತು ಅದನ್ನು ಸರಿಯಾಗಿ ಕೊಡತೊಡಗಿದ ದಿನ ಸಕ್ಕರೆ ಪಾತಾಳಕ್ಕಿಳಿಯುತ್ತದೆ. ಆಗ ಖರ್ಚಾಗುವ ಹೊತ್ತು ಅರ್ಧ ನಿಮಿಷದ್ದಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದುದು. ಮರೆವಿಗೆ ರೋಗದ ಹೆಸರಿಟ್ಟರೆ ಮನೆಯಲ್ಲಿ ಹಿರಿಯರ ಮಾತು ಮೂಲೆಗೆ ಬೀಳುತ್ತದೆ. ಬ್ಯಾಂಕಿನ ಪುಸ್ತಕ, ಬೀರುವಿನ ಬೀಗದಕೈ ಕೈಬಿಡುತ್ತವೆ. ಗಾದೆ ಹೇಳಿ ನಕ್ಕು ಬಿಡುವುದೇ ಹೆಚ್ಚು ಮಾನವೀಯವಲ್ಲವೆ? ಈ ಮಾತಿನಲ್ಲಿ ತೂಕವಿದೆ. ಬುದ್ಧಿಯ ನಿಧಾನಕ್ಕೂ ಬುದ್ಧಿ ಕೆಟ್ಟುಹೋಗುವುದಕ್ಕೂ ಬಹಳ ದೂರವೆಂಬುದನ್ನು ವೈದ್ಯರು ಸ್ಪಷ್ಟವಾಗಿ ಹೇಳದಿದ್ದರೆ ಈ ಕೇಡು ಆಗಿಯೇ ಆಗುತ್ತದೆ. ಆದರೂ ನಗುವಿನ ಬೆಲೆಯನ್ನು ತೆರುವವರು ಯಾರು? ರಾತ್ರಿ ಎರಡನೆಯ ಸಲ ಮಾತ್ರೆ ನುಂಗಿ ಬೆಳಗ್ಗೆ ಏಳದೆ ಹೋಗುವವರು ಆ ಹಿರಿಯರೇ ಅಲ್ಲವೆ?

ಚಿಕಿತ್ಸೆಯನ್ನು ಸರಳಗೊಳಿಸುವುದೆಂದರೆ ಹಲವು ವೇಳೆ ತೀರ ಸಣ್ಣ ಕೆಲಸ. ದಿನಕ್ಕೆ ನಾಲ್ಕು ಹೊತ್ತಿನ ಔಷಧವನ್ನು ಒಂದೆರಡು ಹೊತ್ತಿಗೆ ಇಳಿಸುವುದು ವೈದ್ಯರ ಕೈಯಲ್ಲಿದೆ. ಮಾತ್ರೆಯ ಹೆಸರು ಇಂಗ್ಲಿಷಿನಲ್ಲಿ, ಚೀಟಿಯ ಬರಹ ಬ್ರಹ್ಮಲಿಪಿಯಲ್ಲಿ. ಈ ತಿಂಗಳ ಬಿಳಿ ಮಾತ್ರೆಯೇ ಮುಂದಿನ ತಿಂಗಳು ಬೇರೆ ಕಂಪನಿಯ ಹಳದಿ ಮಾತ್ರೆಯಾಗಿ ಬರುತ್ತದೆ. ಆರೋಗ್ಯವಂತನನ್ನೇ ಗೊಂದಲಗೊಳಿಸುವ ಈ ಏರ್ಪಾಟನ್ನು ಮರೆವಿನವರ ಮೇಲೆ ಹೇರಿ, ಅವರು ಎಡವಿದರೆ ಅಶ್ರದ್ಧೆಯೆನ್ನುತ್ತೇವೆ. ಔಷಧದಂಗಡಿಯವರು ಪ್ರತಿ ಕವರಿನ ಮೇಲೆ ಕನ್ನಡದ ದಪ್ಪ ಅಕ್ಷರಗಳಲ್ಲಿ "ಬೆಳಗ್ಗೆ, ತಿಂಡಿಗೆ ಮುಂಚೆ, ಒಂದು" ಎಂದು ಬರೆದುಕೊಡುವುದಕ್ಕೆ ಯಾವ ಮಹಾಪ್ರಯೋಗವೂ ಬೇಡ. ಅವರು ಬರೆಯದಿದ್ದಲ್ಲಿ ಮನೆಯ ವಿದ್ಯಾರ್ಥಿಯೇ ಬರೆಯಬಹುದು. ಏಳು ದಿನಕ್ಕೆ ಏಳು ಖಾನೆಯ ಡಬ್ಬಿಯಲ್ಲಿ ಭಾನುವಾರ ಮಾತ್ರೆಗಳನ್ನು ಜೋಡಿಸಿಟ್ಟರೆ, ನುಂಗಿದ್ದೋ ಇಲ್ಲವೋ ಎಂಬ ಪ್ರಶ್ನೆಗೆ ಖಾನೆಯೇ ಉತ್ತರ ಹೇಳುತ್ತದೆ. ಔಷಧದ ಪ್ರಮಾಣವನ್ನು ಮಾತ್ರ ಯಾರೂ ತಾವಾಗಿ ಬದಲಾಯಿಸಕೂಡದು. ಅದು ವೈದ್ಯರ ಕೆಲಸ.

ಕೊನೆಯದಾಗಿ ಒಂದು ಸಂಗತಿಯನ್ನು ತಿಳಿಸಲೇಬೇಕು. ಮಧುಮೇಹಿಯ ಮರೆವೆಲ್ಲವೂ ಗುಣವಾಗದ ಜಾತಿಯದಲ್ಲ. ಥೈರಾಯಿಡ್ ಗ್ರಂಥಿಯ ಆಲಸ್ಯ, ಮನಸ್ಸಿನ ಖಿನ್ನತೆ, ಕಿವುಡು ಇವ್ಯಾವುವೂ ಮರೆವಿನ ವೇಷ ತೊಟ್ಟು ಬರಬಹುದು. ಮಧುಮೇಹಕ್ಕೆ ಎಲ್ಲಕ್ಕಿಂತ ಹೆಚ್ಚಾಗಿ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ಒಳ್ಳೆಯ ಔಷಧ, ಅಗ್ಗದ್ದೂ ಹೌದು. ಒಂದನ್ನೇ ತೆಗೆದುಕೊಂಡರೆ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಕೆಡವುವುದೂ ಅಪರೂಪ. ಆದರೆ ಹಲವು ವರ್ಷಗಳ ಬಳಕೆಯಲ್ಲಿ ಅದು ಬಿ-೧೨ ಜೀವಸತ್ತ್ವವು ಕರುಳಿನಿಂದ ರಕ್ತಕ್ಕೆ ಸೇರುವುದನ್ನು ತಗ್ಗಿಸುತ್ತದೆ. ಈ ಜೀವಸತ್ತ್ವ ನಮಗೆ ದೊರೆಯುವುದು ಹಾಲು, ಮೊಟ್ಟೆ, ಮೀನು, ಮಾಂಸಗಳಿಂದ. ಹಾಲು ಮೊಸರನ್ನೂ ಮಿತಿಯಲ್ಲಿ ಉಣ್ಣುವ ಸಸ್ಯಾಹಾರಿ ವೃದ್ಧರಲ್ಲಿ ಅದು ಮೊದಲೇ ಕಡಮೆ. ಬಿ-೧೨ ಕುಗ್ಗಿದರೆ ಕಾಲು ಜೋಮುಹಿಡಿಯುತ್ತದೆ, ನೆನಪು ಮಂಕಾಗುತ್ತದೆ. ಜೋಮನ್ನು ಮಧುಮೇಹದ ಲೆಕ್ಕಕ್ಕೂ ಮರೆವನ್ನು ಮುಪ್ಪಿನ ಲೆಕ್ಕಕ್ಕೂ ಬರೆದು ಬಿಡುತ್ತಾರೆ. ರಕ್ತಪರೀಕ್ಷೆಯೊಂದರಿಂದ ಇದು ಗೊತ್ತಾಗುತ್ತದೆ. ಕಾಲ ಮೀರುವ ಮುಂಚೆ ಗೊತ್ತಾದರೆ ಕೆಲವು ಚುಚ್ಚುಮದ್ದುಗಳಿಂದಲೋ ಮಾತ್ರೆಗಳಿಂದಲೋ ಈ ಕೊರತೆ ನೀಗುತ್ತದೆ. ಮೆಟ್‌ಫಾರ್ಮಿನ್ನನ್ನು ಬಹುಕಾಲದಿಂದ ಸೇವಿಸುತ್ತಿರುವ ಹಿರಿಯರು ಮನೆಯಲ್ಲಿದ್ದರೆ, ಮುಂದಿನ ಸಲ ವೈದ್ಯರಲ್ಲಿಗೆ ಹೋದಾಗ ಈ ಪರೀಕ್ಷೆಯ ಮಾತನ್ನೆತ್ತಲು ವಾಚಕರು ಮರೆಯದಿರಲಿ.